ಮನೆಗೆ ಬರುವ ಆರೋಗ್ಯ ಸಹಾಯಕಿ ಜಾರಿ ಬೀಳದಿರಲಿ

ರೈತನಿಗೆ ಹೊಲ ಹೇಗೆ ಕೆಲಸದ ಸ್ಥಳವೋ, ಹಾಗೆಯೇ ಆರೋಗ್ಯ ಸಹಾಯಕಿಗೂ ಆಶಾ ಕಾರ್ಯಕರ್ತೆಗೂ ನಿಮ್ಮ ಮನೆಯ ಅಂಗಳ, ಹೊಸ್ತಿಲು ಮತ್ತು ಬಾಣಂತಿಯ ಕೋಣೆಗಳೇ ಕೆಲಸದ ಸ್ಥಳಗಳು. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ನೀಡಬೇಕು. ಶಿಶುವಿನ ತೂಕ ಹಾಗೂ ಮೈಶಾಖವನ್ನು ಪರೀಕ್ಷಿಸಿ ಅಪಾಯದ ಚಿಹ್ನೆಗಳನ್ನು ಗುರುತಿಸುವುದು ಈ ಭೇಟಿಗಳಲ್ಲಿಯೇ. ಆದುದರಿಂದ ಆಕೆ ಬಿದ್ದು ಕೈ ಮುರಿದುಕೊಂಡರೆ ನಷ್ಟವು ಆಕೆಯೊಬ್ಬಳದೇ ಅಲ್ಲ.

ಬೀಳಲು ಕಾರಣವೇನು?

ಕೈಯಲ್ಲಿ ಲಸಿಕೆಯ ಪೆಟ್ಟಿಗೆಯನ್ನೋ ತೂಕದ ಯಂತ್ರವನ್ನೋ ಹಿಡಿದವರಿಗೆ ತಮ್ಮ ಪಾದದ ಮುಂದಿನ ನೆಲ ಸರಿಯಾಗಿ ಕಾಣುವುದಿಲ್ಲ. ಬಿಸಿಲಿನಿಂದ ಕತ್ತಲೆಯ ಕೋಣೆಗೆ ಬಂದಾಗ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷಗಳು ಬೇಕು. ಎತ್ತರದ ಹೊಸ್ತಿಲನ್ನು ಎಡವುವುದು ಆಗಲೇ. ಎಣ್ಣೆ ನೀರು ಹರಿದ ಬಚ್ಚಲುಕಲ್ಲು, ಮಳೆಗಾಲದ ಪಾಚಿ, ದಾರಿಗೆ ಅಡ್ಡಬಿದ್ದ ದನದ ಹಗ್ಗ ಇವೂ ಬೀಳಿಸುತ್ತವೆ. ಬೀಳುವವರು ಸಹಜವಾಗಿ ಅಂಗೈ ಊರುತ್ತಾರೆ. ಇಡೀ ದೇಹದ ಭಾರ ಮಣಿಕಟ್ಟಿನ ಮೇಲೆ ಬಿದ್ದು ಮುಂಗೈಯ ಮೂಳೆ ಮುರಿಯುತ್ತದೆ.

ದಂಪತಿಗಳು ಮಾಡಬೇಕಾದುದು

1. ಅಂಗಳದ ಪಾಚಿಯನ್ನು ಉಜ್ಜಿ ತೆಗೆಯಿರಿ.
2. ಬಚ್ಚಲ ನೀರು ನಡೆಯುವ ದಾರಿಗೆ ಹರಿಯದಂತೆ ಕಾಲುವೆ ಮಾಡಿರಿ.
3. ಹೊಸ್ತಿಲಿನ ಅಂಚಿಗೆ ಸುಣ್ಣದ ಬಿಳಿ ಪಟ್ಟಿ ಬಳಿಯಿರಿ.
4. ಆಕೆ ಬಂದೊಡನೆ ದೀಪ ಹಾಕಿ, ಕೈಯ ಹೊರೆಯನ್ನು ನೀವೇ ತೆಗೆದುಕೊಳ್ಳಿರಿ.

ಯಾರಾದರೂ ಬಿದ್ದರೆ

ಅವಸರದಿಂದ ಎಳೆದೆಬ್ಬಿಸಬೇಡಿರಿ. ಊದಿಕೊಂಡ ಕೈಗೆ ಎಣ್ಣೆ ಹಚ್ಚಿ ನೀವಬಾರದು. ಮುರಿದ ಮೂಳೆ ಇನ್ನಷ್ಟು ಸರಿಯುತ್ತದೆ. ಬಳೆ, ಉಂಗುರಗಳನ್ನು ತೆಗೆದು, ಮಡಿಸಿದ ದಪ್ಪ ವೃತ್ತಪತ್ರಿಕೆಯನ್ನು ಆಧಾರವಾಗಿಟ್ಟು ಬಟ್ಟೆಯಿಂದ ಕಟ್ಟಿ, ಕೈಯನ್ನು ಕೊರಳಿಗೆ ತೂಗುಹಾಕಿ ಆಸ್ಪತ್ರೆಗೆ ಕಳುಹಿಸಿರಿ. ತಲೆಗೆ ಪೆಟ್ಟಾಗಿ ವಾಂತಿ ಅಥವಾ ಮಂಪರು ಕಂಡುಬಂದರೆ, ಸೊಂಟದ ನೋವಿನಿಂದ ಏಳಲಾಗದಿದ್ದರೆ, ಕೂಡಲೇ 108ಕ್ಕೆ ಕರೆ ಮಾಡಿರಿ.

ಪೆಟ್ಟಿಗೆ ಹಿಡಿದ ಸಹಾಯಕಿಯಂತೆಯೇ ತುಂಬು ಗರ್ಭಿಣಿಗೂ ತನ್ನ ಪಾದ ಕಾಣುವುದಿಲ್ಲ. ಗರ್ಭಿಣಿ ಬಿದ್ದರೆ, ನೋವಿಲ್ಲದಿದ್ದರೂ ವೈದ್ಯರಿಗೆ ತೋರಿಸಿರಿ. ರಕ್ತಸ್ರಾವವಾದರೆ ಅಥವಾ ಮಗುವಿನ ಚಲನೆ ಕಡಿಮೆಯಾದರೆ ಒಂದು ಗಳಿಗೆಯೂ ತಡಮಾಡಬೇಡಿರಿ. ಸಹಾಯಕಿಗಾಗಿ ಇಂದು ಬಳಿದ ಸುಣ್ಣದ ಪಟ್ಟಿ ನಾಳೆ ನಿಮ್ಮ ಮನೆಯ ಗರ್ಭಿಣಿಯನ್ನೂ ವೃದ್ಧ ತಾಯಿಯನ್ನೂ ಕಾಯುತ್ತದೆ.