ರಕ್ತದ ಏರೊತ್ತಡವೂ ನಮ್ಮ ಗಿಡಮೂಲಿಕೆಗಳೂ

ಊರಿನಿಂದ ಬರುವ ಬಂಧುಗಳು ಉಪ್ಪಿನಕಾಯಿ, ಹಪ್ಪಳಗಳ ಜೊತೆಗೆ ಯಾವುದೋ ಬೇರಿನ ಪುಡಿಯ ಪೊಟ್ಟಣವೊಂದನ್ನು ಕೈಗಿತ್ತು, "ಬಿ.ಪಿ.ಗೆ ಒಳ್ಳೆಯದಂತೆ, ದಿನವೂ ತಗೊಳ್ಳಿ" ಎಂದು ಹೇಳಿಹೋಗುವುದು ಹೊರನಾಡ ಕನ್ನಡಿಗರಾದ ನಮಗೆಲ್ಲ ಅನುಭವದ ಸಂಗತಿಯೇ. ಈಚೆಗೆ ಈ ಶಿಫಾರಸಿಗೆ ಮತ್ತೊಂದು ಮಾತು ಸೇರಿಕೊಂಡಿದೆ: "ಇದರಲ್ಲಿ ಆಂಟಿಆಕ್ಸಿಡೆಂಟ್ ಇದೆ." ಈ ಮಾತಿನಲ್ಲಿ ಹುರುಳೆಷ್ಟು ಎಂಬುದನ್ನು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳುವಾಗ ಅದರ ಅಲ್ಪಾಂಶವು ಉಗ್ರ ಸ್ವಭಾವದ ಕಣಗಳಾಗಿ ಮಾರ್ಪಡುತ್ತದೆ. ಎದುರಿಗೆ ಸಿಕ್ಕ ವಸ್ತುವನ್ನು ಉತ್ಕರ್ಷಿಸಿ ಕೆಡಿಸುವುದೇ ಇವುಗಳ ಗುಣ. ಇವನ್ನು ತಣಿಸಬಲ್ಲ ದ್ರವ್ಯಗಳಿಗೆ ಉತ್ಕರ್ಷಣ ನಿರೋಧಕಗಳೆಂದು ಹೆಸರು. ರಕ್ತದೊತ್ತಡಕ್ಕೂ ಇದಕ್ಕೂ ಸಂಬಂಧವುಂಟು. ರಕ್ತನಾಳದ ಒಳಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೊರಸೂಸಿ ನಾಳವನ್ನು ಸಡಿಲಗೊಳಿಸುತ್ತದೆ. ಇದನ್ನು ಶೋಧಿಸಿದ ಮೂವರಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಉಗ್ರ ಕಣಗಳು ಈ ಅನಿಲವನ್ನು ನಾಶಪಡಿಸಿದರೆ ನಾಳ ಬಿಗಿಯುತ್ತದೆ, ಒತ್ತಡ ಏರುತ್ತದೆ. ಆದಕಾರಣ ಉತ್ಕರ್ಷಣ ನಿರೋಧಕವನ್ನು ಸೇವಿಸಿದರೆ ಒತ್ತಡ ಇಳಿಯಲೇಬೇಕಲ್ಲವೆ?

ತರ್ಕವೇನೋ ಸೊಗಸಾಗಿದೆ, ದೇಹ ಅದಕ್ಕೆ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಬ್ರಿಟನ್ನಿನಲ್ಲಿ 20,536 ಮಂದಿಯ ಮೇಲೆ ಐದು ವರ್ಷ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 'ಇ' ಮತ್ತು 'ಸಿ' ಜೀವಸತ್ವಗಳನ್ನೂ ಬೀಟಾ ಕೆರೋಟಿನನ್ನೂ ನಿತ್ಯ ಸೇವಿಸಿದವರಲ್ಲಿ ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಕಡಿಮೆಯಾಗಲಿಲ್ಲ. ಪ್ರನಾಳದಲ್ಲಿ ತೋರುವ ಗುಣವೇ ಬೇರೆ, ರಕ್ತನಾಳದಲ್ಲಿ ತೋರುವ ಗುಣವೇ ಬೇರೆ.

ಹಾಗಾದರೆ ನಮ್ಮ ಮೂಲಿಕೆಗಳೆಲ್ಲ ನಿರರ್ಥಕವೆ? ಖಂಡಿತ ಅಲ್ಲ. ಸರ್ಪಗಂಧದ ಕಥೆಯನ್ನೇ ನೋಡಬಹುದು. ಇದರ ಬೇರು ರಕ್ತದ ಏರೊತ್ತಡವನ್ನು ಇಳಿಸುತ್ತದೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದರು. ಮುಂಬಯಿಯ ಹೃದ್ರೋಗತಜ್ಞ ಡಾ. ರುಸ್ತುಂ ಜಾಲ್ ವಕೀಲರು ತಮ್ಮ ರೋಗಿಗಳಲ್ಲಿ ಕಂಡ ಫಲಿತಾಂಶವನ್ನು 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಕಣ್ಣು ಈ ಬೇರಿನತ್ತ ಹೊರಳಿತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು. ಗಮನಿಸಬೇಕಾದುದೆಂದರೆ, ರಿಸರ್ಪಿನ್ ಒತ್ತಡವನ್ನು ಇಳಿಸುವುದು ಉತ್ಕರ್ಷಣವನ್ನು ತಡೆದಲ್ಲ. ನರಗಳ ತುದಿಯಲ್ಲಿ ಶೇಖರವಾಗಿರುವ, ನಾಳವನ್ನು ಬಿಗಿಗೊಳಿಸುವ ರಾಸಾಯನಿಕವನ್ನು ಬರಿದುಮಾಡಿ. ಮಿದುಳಿನಲ್ಲಿಯೂ ಇದೇ ಕೆಲಸ ನಡೆಯುವುದರಿಂದ ತೂಕಡಿಕೆ ಉಂಟಾಗುತ್ತದೆ. ಹೆಚ್ಚಿನ ಪ್ರಮಾಣದಲ್ಲಿ ಕೆಲವರಲ್ಲಿ ಮನಸ್ಸಿನ ಖಿನ್ನತೆಯೂ ಕಾಣಿಸಿಕೊಂಡಿತು. ಪೊಟ್ಟಣದ ಪುಡಿ ಸರ್ಪಗಂಧವಾಗಿದ್ದರೆ ಅದು ಪಥ್ಯವಲ್ಲ, ಪ್ರಬಲ ಔಷಧಿ.

ಇದಕ್ಕಿಂತಲೂ ಕಣ್ಣು ತೆರೆಸುವಂಥದು ಜ್ಯೇಷ್ಠಮಧು. ಕೆಮ್ಮಿಗೆ ನಮ್ಮ ಅಜ್ಜಿಯರು ಕೊಡುತ್ತಿದ್ದ ಈ ಸಿಹಿಬೇರಿನಲ್ಲಿ ಉತ್ಕರ್ಷಣ ನಿರೋಧಕಗಳಿಗೆ ಕೊರತೆಯಿಲ್ಲ. ಆದರೂ ಇದನ್ನು ಬಹುದಿನ ಸೇವಿಸಿದರೆ ದೇಹದಲ್ಲಿ ಉಪ್ಪು ನಿಂತು, ಪೊಟ್ಯಾಸಿಯಂ ಇಳಿದು, ರಕ್ತದ ಒತ್ತಡ ಏರುತ್ತದೆ!

ಬೆಳ್ಳುಳ್ಳಿಯಿಂದ ಏರೊತ್ತಡದವರಿಗೆ ಸ್ವಲ್ಪಮಟ್ಟಿನ ಪ್ರಯೋಜನವುಂಟು. ಜಜ್ಜಿದಾಗಲೇ ಅದರ ಗಂಧಕಯುಕ್ತ ಸಾರ ಹುಟ್ಟುವುದರಿಂದ, ಜಜ್ಜಿ ಕೆಲವು ನಿಮಿಷ ಬಿಟ್ಟು ಒಗ್ಗರಣೆಗೆ ಹಾಕುವುದು ಲೇಸು. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಇದರ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು.

ಕೆಂಪು ಪುಂಡಿಯ ಹೂವಿನ ಪುಷ್ಪಪಾತ್ರೆಯ ಕಷಾಯವನ್ನು ಅಮೆರಿಕದಲ್ಲಿ 65 ಜನರಲ್ಲಿ ಪರೀಕ್ಷಿಸಿದ ವರದಿ 2010ರಲ್ಲಿ ಪ್ರಕಟವಾಯಿತು. ದಿನಕ್ಕೆ ಮೂರು ಬಟ್ಟಲಿನಂತೆ ಆರು ವಾರ ಕುಡಿದವರಲ್ಲಿ ಮೇಲಿನ ಒತ್ತಡ ಸರಾಸರಿ 7 ಅಂಕದಷ್ಟು ಇಳಿಯಿತು. ಹುಸಿ ಪಾನೀಯ ಕುಡಿದವರಲ್ಲಿ ಒಂದು ಅಂಕದಷ್ಟು. ಉತ್ತರ ಕರ್ನಾಟಕದ ಪುಂಡಿಪಲ್ಯವೇ ಮುಂಬಯಿ ಪೇಟೆಯ ಅಂಬಾಡಿ, ಹೈದರಾಬಾದಿನ ಗೊಂಗೂರ. ಆದರೆ ಪರೀಕ್ಷೆಗೆ ಒಳಗಾದುದು ಹೂವಿನ ಭಾಗ, ನಾವು ತಿನ್ನುವುದು ಸೊಪ್ಪು. ಅದರಲ್ಲಿಯೂ ಉಪ್ಪು ಸುರಿದು ಮಾಡಿದ ಗೊಂಗೂರ ಉಪ್ಪಿನಕಾಯಿಗೆ ಆ ಗುಣವನ್ನು ಆರೋಪಿಸುವಂತಿಲ್ಲ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಊರಿನಿಂದ ಬಂದ ಗಂಟಿನಲ್ಲಿ ಪುಡಿಯ ಪೊಟ್ಟಣಕ್ಕಿಂತ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದು ಉಪ್ಪಿನಕಾಯಿಯ ಭರಣಿಯನ್ನು.

ಪೊಟ್ಟಣವನ್ನು ನಂಬಿ ವೈದ್ಯರ ಮಾತ್ರೆಯನ್ನು ಬಿಡುವವರೂ ನಮ್ಮಲ್ಲಿದ್ದಾರೆ. ಏರೊತ್ತಡ ನೋಯುವ ಬೇನೆಯಲ್ಲ. ಆದುದರಿಂದ ಮಾತ್ರೆ ಬಿಟ್ಟ ದಿನವೂ ಆರಾಮವಾಗಿಯೇ ಇದ್ದಂತೆ ತೋರುತ್ತದೆ. ಕೆಲವು ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರಂತೂ ಒತ್ತಡ ಮೊದಲಿಗಿಂತ ಮೇಲಕ್ಕೆ ನೆಗೆಯುವುದುಂಟು. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಮಾತ್ರೆಯ ಚೀಟಿಯೊಡನೆ ಆ ಪೊಟ್ಟಣವನ್ನೂ ಸಂಕೋಚಪಡದೆ ಕೊಂಡೊಯ್ದು ತೋರಿಸಿರಿ.