ಅಳಿಯ, ಮಾವ ಮತ್ತು ಗಣಕಯಂತ್ರದ ಕನ್ನಡ

ಅಳಿಯನನ್ನು ಹತ್ತನೆಯ ಗ್ರಹವೆಂದು ಕರೆಯುವ ವಾಡಿಕೆ ನಮ್ಮ ಹಿರಿಯರಲ್ಲಿ ಉಂಟು. ಒಂಬತ್ತು ಗ್ರಹಗಳಿಗೆ ಶಾಂತಿ ಮಾಡಿಸಬಹುದು, ಈ ಹತ್ತನೆಯದಕ್ಕೆ ಶಾಂತಿಯೇ ಇಲ್ಲ ಎಂಬುದು ಆ ಮಾತಿನ ಕುಹಕ. ಆದರೆ ಅಳಿಯನು ಗಣಕಯಂತ್ರ ಬಲ್ಲವನಾದರೆ ಜಾತಕ ತಿರುವುಮುರುವಾಗುತ್ತದೆ. ಆಗ ಕಾಡುವ ಗ್ರಹ ಮಾವನ ಮನೆಯೇ ಆಗಿಬಿಡುತ್ತದೆ!

ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ಉದ್ಯೋಗ ನಿಮಿತ್ತ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಳಿಯ ಇಲ್ಲಿ, ಅತ್ತೆ-ಮಾವಂದಿರು ಧಾರವಾಡದಲ್ಲೋ ಉಡುಪಿಯಲ್ಲೋ ಮೈಸೂರಿನಲ್ಲೋ. ರವಿವಾರ ಬೆಳಿಗ್ಗೆ ದೂರವಾಣಿ ಮೊಳಗಿತೆಂದರೆ ಕುಶಲೋಪರಿಯ ಬೆನ್ನಿಗೇ ದೂರು ಸಿದ್ಧ. "ಅಳಿಯಂದ್ರ, ನಿನ್ನೆ ತನಕಾ ಛಲೋ ಇತ್ತು. ನೀವು ಬಂದು ಮುಟ್ಟಿ ಹೋದ ಮ್ಯಾಲೆ ಅಕ್ಷರ ಎಲ್ಲಾ ಕೆಟ್ಟಾವ ನೋಡ್ರಿ." ಮಗನಾಗಿದ್ದರೆ ರೇಗಬಹುದಿತ್ತು. ಅಳಿಯ ರೇಗುವಂತಿಲ್ಲ, ಮಾವ ಗದರಿಸುವಂತಿಲ್ಲ. ಎರಡೂ ಕಡೆಯ ಅಸಮಾಧಾನವನ್ನು ಹೊರುವವಳು ನಡುವಿನ ಮಗಳು. ಗಣಕ ಬಲ್ಲ ಸೊಸೆಯಂದಿರ ಪಾಡೂ ಇದಕ್ಕಿಂತ ಭಿನ್ನವಲ್ಲ.

ಈ ದೂರುಗಳಲ್ಲಿ ಬಹುಪಾಲು ಕನ್ನಡ ಅಕ್ಷರಗಳಿಗೆ ಸಂಬಂಧಿಸಿದವು ಎಂಬುದನ್ನು ನಾವು ಗಮನಿಸಿದ್ದೇವೆ. ನಿವೃತ್ತರಾದ ಬಳಿಕ ಆತ್ಮವೃತ್ತಾಂತ, ವಂಶಾವಳಿ, ಪ್ರವಾಸಕಥನ, ದೇವರ ಹಾಡುಗಳ ಸಂಗ್ರಹ ಇತ್ಯಾದಿಗಳನ್ನು ತಾವೇ ಬೆರಳಚ್ಚು ಮಾಡಿಟ್ಟ ಹಿರಿಯರು ಅನೇಕರಿದ್ದಾರೆ. ಆ ಕಡತವನ್ನು ಮಿಂಚಂಚೆಯಲ್ಲಿ ಗುಜರಾತಿಗೆ ಕಳುಹಿಸಿದರೆ ಇಲ್ಲಿ ತೆರೆದುಕೊಳ್ಳುವುದು ಕನ್ನಡವಲ್ಲ. 'ಕನ್ನಡ' ಎಂಬ ಪದವೇ ಆಂಗ್ಲದ 'ಪಿ', ತಲೆಯ ಮೇಲೆ ಓರೆಗೆರೆ ಹೊತ್ತ 'ಎ', ಬ್ರಿಟಿಷರ ಪೌಂಡ್ ಚಿಹ್ನೆ, ಹೀಗೆ ಯಾವುದೋ ಸಂತೆಯಾಗಿ ಕಾಣುತ್ತದೆ. ಅಳಿಯ ಕೆಡಿಸಿದನೆಂದು ಮಾವ, ಮಾವನವರಿಗೆ ಕಳುಹಿಸಲು ಬಾರದೆಂದು ಅಳಿಯ. ವಾಸ್ತವದಲ್ಲಿ ತಪ್ಪು ಇಬ್ಬರದೂ ಅಲ್ಲ. ಕಾರಣವು ಕನ್ನಡವು ಗಣಕವನ್ನು ಪ್ರವೇಶಿಸಿದ ಬಗೆಯಲ್ಲಿದೆ.

ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ನಿಗದಿಯಾಗಿರಬೇಕು. ಹಿಂದಿನ ವ್ಯವಸ್ಥೆಯಲ್ಲಿ ಇಂತಹ ಮನೆಗಳು ಇದ್ದುದು 256 ಮಾತ್ರ, ಅವೂ ಆಂಗ್ಲ ಹಾಗೂ ಯುರೋಪಿನ ಅಕ್ಷರಗಳಿಗೆ ಹಂಚಿಹೋಗಿದ್ದವು. ಕನ್ನಡದ ತಂತ್ರಜ್ಞರು ಆ ಮನೆಗಳಲ್ಲೇ ನಮ್ಮ ಅಕ್ಷರಗಳ ತುಣುಕುಗಳನ್ನು, ಅಂದರೆ ತಲೆಕಟ್ಟು, ಗುಣಿತಚಿಹ್ನೆ, ಒತ್ತುಗಳನ್ನು, ಕೂರಿಸಿದರು. ಬಾಡಿಗೆಮನೆಯ ಸಂಸಾರವೆನ್ನಬಹುದು. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವು ಈ ಮಾರ್ಗದಲ್ಲೇ ಲಕ್ಷಾಂತರ ಪುಟಗಳ ಕನ್ನಡವನ್ನು ಸಾಧ್ಯಗೊಳಿಸಿದವು. ನುಡಿಯ ಕೀಲಿಮಣೆ ವಿನ್ಯಾಸಕ್ಕೆ ಆಧಾರವಾದದ್ದು ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಈ ಮಹನೀಯರ ಋಣ ದೊಡ್ಡದು. ಆದರೆ ಬಾಡಿಗೆಮನೆಯ ತೊಡಕೂ ಇತ್ತು. ಓದುವವನ ಯಂತ್ರದಲ್ಲಿ ಅದೇ ಅಕ್ಷರಶೈಲಿ ಇಲ್ಲದಿದ್ದರೆ, ಮನೆಯ ಮೂಲ ಮಾಲೀಕನಾದ ಆಂಗ್ಲ ಅಕ್ಷರವೇ ಬಾಗಿಲು ತೆರೆಯುತ್ತದೆ.

ಸ್ವಂತ ಮನೆ ದೊರೆತದ್ದು ಯುನಿಕೋಡ್‌ನಲ್ಲಿ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ನಿವೇಶನಗಳು ಮೀಸಲಾದವು. ಸಾಮಾನ್ಯ ಜನರ ಮೇಜಿಗೆ ಅದು ತಲುಪಿದ್ದು 2001ರ ವಿಂಡೋಸ್ ಎಕ್ಸ್‌ಪಿಯ ಕಾಲಕ್ಕೆ. ಅದರೊಡನೆ ಕನ್ನಡಕ್ಕೆ 'ತುಂಗಾ', ಗುಜರಾತಿಗೆ 'ಶ್ರುತಿ' ಎಂಬ ಅಕ್ಷರಶೈಲಿಗಳು ಬಂದವು. ಇಂದಿನ ದೂರವಾಣಿಗಳೆಲ್ಲ ಅರಿತಿರುವುದು ಈ ಯುನಿಕೋಡ್ ಕನ್ನಡವನ್ನು.

ಹೀಗಾಗಿ ದೂರು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಮಾವನವರೇ, ಕಾಣುತ್ತಿರುವುದು ಏನು?" ಬರೀ ಚೌಕಗಳು ಕಂಡರೆ ಬರಹ ಯುನಿಕೋಡ್‌ನಲ್ಲೇ ಇದೆ, ಯಂತ್ರದಲ್ಲಿ ಕನ್ನಡದ ಅಕ್ಷರಶೈಲಿ ಇಲ್ಲ. ಕನ್ನಡವೇ ಕಂಡು ಒತ್ತಕ್ಷರಗಳು ಬಿಡಿಬಿಡಿಯಾಗಿದ್ದರೆ, ಅಕ್ಷರ ಜೋಡಿಸುವ ವ್ಯವಸ್ಥೆ ಹಳೆಯದು. ಆಂಗ್ಲದ ವಿಚಿತ್ರ ಸಂತೆ ಕಂಡರೆ ಅದು ನುಡಿ, ಬರಹ ಮುಂತಾದವುಗಳ ಹಳೆಯ ಕಡತ. ಮೂರೂ ಬೇರೆ ಬೇರೆ ವ್ಯಾಧಿಗಳು, ಒಂದೇ ಔಷಧಿ ಸಲ್ಲದು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿರೆಂಬ ನಮ್ಮ ಸಾರ್ವತ್ರಿಕ ಚಿಕಿತ್ಸೆಯಂತೂ ಈ ಮೂರರಲ್ಲಿ ಯಾವುದಕ್ಕೂ ನಾಟುವುದಿಲ್ಲ.

ಇವುಗಳಲ್ಲಿ ಅವಸರದ ಗಮನ ಬೇಕಾದದ್ದು ಮೂರನೆಯದಕ್ಕೆ. ಹಿರಿಯರ ಬರಹ ಇರುವುದು ಹತ್ತಿಪ್ಪತ್ತು ವರ್ಷ ಹಳೆಯ ಯಂತ್ರದಲ್ಲಿ, ಅಥವಾ ಸಿ.ಡಿ.ಯಲ್ಲಿ. ಹೊಸ ಯಂತ್ರಗಳಲ್ಲಿ ಸಿ.ಡಿ. ಹಾಕುವ ಜಾಗವೇ ಅಪರೂಪ. ಯಂತ್ರ ನಿಂತ ದಿನ ಒಂದು ಮನೆತನದ ನೆನಪೂ ನಿಲ್ಲುತ್ತದೆ. ಆದ್ದರಿಂದ ಮುಂದಿನ ಬಾರಿ ಊರಿಗೆ ಹೋದಾಗ ಮೊದಲು ಮೂಲ ಕಡತದ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದುಕೊಳ್ಳಿ, ಮೂಲವನ್ನು ಮುಟ್ಟಬೇಡಿ. ಎರಡನೆಯದಾಗಿ, ಅಕ್ಷರಶೈಲಿ ಇರುವ ಆ ಯಂತ್ರದಲ್ಲೇ ಅದರ ಪಿ.ಡಿ.ಎಫ್. ಮಾಡಿಕೊಳ್ಳಿ. ಅಕ್ಷರಶೈಲಿಯೂ ಅದರೊಳಗೇ ಅಡಕವಾಗುವುದರಿಂದ ಅದು ಎಲ್ಲೆಡೆ ಓದಲು ಸಿಗುತ್ತದೆ. ಆದರೆ ಅದರಲ್ಲಿ ಪದಗಳನ್ನು ಹುಡುಕುವುದು, ತಿದ್ದುವುದು ಕಷ್ಟ. ಮೂರನೆಯದಾಗಿ, ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ ಬದಲಿಸಿ. ಉಚಿತ ಪರಿವರ್ತಕಗಳು ಅಂತರಜಾಲದಲ್ಲಿ ದೊರೆಯುತ್ತವೆ. ಯಾವ ಅಕ್ಷರಶೈಲಿಯಿಂದ ಬದಲಿಸುತ್ತಿದ್ದೇವೆಂಬುದು ಮಾತ್ರ ಗೊತ್ತಿರಬೇಕು.

ಪರಿವರ್ತನೆಯ ಬಳಿಕ ಕರಡು ತಿದ್ದಲೇಬೇಕು. ಹಳೆಯ ವ್ಯವಸ್ಥೆಯು ಅಕ್ಷರಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತಿತ್ತು, ಯುನಿಕೋಡ್ ಉಚ್ಚಾರದ ಕ್ರಮದಲ್ಲಿ ಇಡುತ್ತದೆ. 'ಧರ್ಮ' ಎಂಬಲ್ಲಿ ಅರ್ಕಾವತ್ತು ಕಾಣುವುದು ಮಕಾರದ ನಂತರ, ಉಚ್ಚಾರದಲ್ಲಿ ರಕಾರ ಮೊದಲು. ಪರಿವರ್ತಕಗಳು ಎಡವುವುದು ಇಂತಹ ಕಡೆಗಳಲ್ಲಿ. ನಡುವೆ ಬಂದ ಆಂಗ್ಲ ಪದಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುವುದುಂಟು. ಈ ಕರಡು ತಿದ್ದುವ ಕಾರ್ಯಕ್ಕೆ ಯೋಗ್ಯರು ಮಾವನವರೇ. ಬರೆದವರು ಅವರು, ಕನ್ನಡ ಶುದ್ಧವಾಗಿ ಬಲ್ಲವರೂ ಅವರು. ಅಳಿಯ ಯಂತ್ರ ನೋಡಿಕೊಳ್ಳಲಿ, ಮಾವ ಅಕ್ಷರ ನೋಡಿಕೊಳ್ಳಲಿ. ಇಬ್ಬರೂ ತಮ್ಮ ತಮ್ಮ ವಿಷಯದಲ್ಲಿ ಗುರುಗಳಾದಾಗ ದೂರಿಗೆ ಎಡೆ ಕಡಿಮೆ.

ಗುಜರಾತಿನಲ್ಲಿರುವ ನಮಗೆ ಇದರಿಂದ ಮತ್ತೊಂದು ವಿಶೇಷ ಪ್ರಯೋಜನವಿದೆ. ಯುನಿಕೋಡ್ ಭಾರತೀಯ ಲಿಪಿಗಳನ್ನು ಬಹುಮಟ್ಟಿಗೆ ಒಂದೇ ಕ್ರಮದಲ್ಲಿ ಜೋಡಿಸಿದೆ. ಕನ್ನಡದ ಬಡಾವಣೆಯಲ್ಲಿ ಕಕಾರ ಎಷ್ಟನೆಯ ಮನೆಯಲ್ಲಿದೆಯೋ ಗುಜರಾತಿ ಬಡಾವಣೆಯಲ್ಲೂ ಅಷ್ಟನೆಯ ಮನೆಯಲ್ಲೇ ಇದೆ. ಆದ್ದರಿಂದ ಒಂದು ಲಿಪಿಯ ಪಠ್ಯವನ್ನು ಇನ್ನೊಂದಕ್ಕೆ ಬದಲಿಸುವುದು ಯಂತ್ರಕ್ಕೆ ಸುಲಭ. 'ಅಕ್ಷರಮುಖ' ಎಂಬ ತಂತ್ರಾಂಶ ಇದನ್ನೇ ಮಾಡುತ್ತದೆ. ಇಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳಲ್ಲಿ ಕನ್ನಡ ಮಾತನಾಡಬಲ್ಲರು, ಆದರೆ ಓದುವುದು ಗುಜರಾತಿ ಮಾತ್ರ ಎನ್ನುವವರು ಬಹಳ. ಅಜ್ಜನ ಆತ್ಮವೃತ್ತಾಂತವನ್ನು ಗುಜರಾತಿ ಲಿಪಿಯಲ್ಲಿ ಕೊಟ್ಟರೆ ಅವರು ಕನ್ನಡವನ್ನೇ ಓದುತ್ತಾರೆ. ಹ್ರಸ್ವ ಎಕಾರ-ದೀರ್ಘ ಏಕಾರಗಳ ಭೇದ ಆ ಲಿಪಿಯಲ್ಲಿ ಇಲ್ಲವಾದ್ದರಿಂದ ಅಲ್ಲಲ್ಲಿ ಹೇಳಿಕೊಡಬೇಕಾದೀತು, ಅಷ್ಟೇ. ಹಳೆಯ ಕಡತದಿಂದ ಇದು ನೇರವಾಗಿ ಆಗುವ ಕೆಲಸವಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮಂಥವರು ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ದೂರದಿಂದಲೇ ಮಾವನವರ ಪರದೆಯನ್ನು ನೋಡಿ ಸರಿಪಡಿಸುವ ತಂತ್ರಾಂಶಗಳಿವೆ, ಉಪಯುಕ್ತವೂ ಹೌದು. ಆದರೆ ಅಳಿಯನಿಗೆ ತೆರೆದ ಬಾಗಿಲು ಕಳ್ಳನಿಗೂ ತೆರೆದೀತು. 2019ರ ಫೆಬ್ರುವರಿಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕು 'ಎನಿಡೆಸ್ಕ್' ಎಂಬ ಇಂತಹ ತಂತ್ರಾಂಶದ ದುರ್ಬಳಕೆಯ ಕುರಿತು ಬ್ಯಾಂಕುಗಳನ್ನು ಎಚ್ಚರಿಸಿತ್ತು. ಮನೆಯವರು ತಾವಾಗಿ ಕರೆ ಮಾಡಿ ಕೇಳಿಕೊಂಡಾಗ ಮಾತ್ರ ಇದನ್ನು ಬಳಸಬೇಕು. ಕೆಲಸ ಮುಗಿದೊಡನೆ ತೆಗೆದುಹಾಕಬೇಕು. ಬ್ಯಾಂಕಿನವರೆಂದು ಹೇಳಿಕೊಂಡು ಅಪರಿಚಿತರು ಹೀಗೆ ಕೇಳಿದರೆ ಒಡನೆ ಕರೆ ಕಡಿಯಬೇಕು. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕೆಂದು ಅತ್ತೆ-ಮಾವಂದಿರಿಗೆ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ.

ನಮ್ಮ ಸಂಘಗಳ ಹಳೆಯ ಸ್ಮರಣ ಸಂಚಿಕೆಗಳ ಕಡತಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮನೆಯಲ್ಲಿ ಅಂತಹ ಪ್ರತಿಗಳನ್ನು ಇಟ್ಟುಕೊಂಡಿರುವ ಸದಸ್ಯರು ಈ ದೀಪಾವಳಿಯ ರಜೆಯಲ್ಲಿ ಒಂದು ದಿನವನ್ನು ಅದಕ್ಕೆ ಮೀಸಲಿಡಬೇಕೆಂದು ವಿನಂತಿ.