ಕೆರೆಗೆ ಇಳಿದ ಮೀನುತೊಟ್ಟಿಯ ಗಿಡಗಳು: ಗುರುತು ಹಿಡಿಯುವ ಬಗೆ

ನೋಟಕ್ಕೆ ಚೆಂದವೆಂದು ಗಾಜಿನ ಮೀನುತೊಟ್ಟಿಗೂ ಉದ್ಯಾನದ ಕೊಳಕ್ಕೂ ತಂದ ಗಿಡಗಳು ಕೆರೆಕುಂಟೆಗಳನ್ನು ಮುಚ್ಚುತ್ತಿವೆ. ತೊಟ್ಟಿ ತೊಳೆದ ನೀರಿನೊಡನೆ ಒಂದು ತುಂಡು ಕಾಲುವೆಗೆ ಬಿದ್ದರೂ ಸಾಕು. ಅವಲಪಲ್ಲಿ ಸುತ್ತಿನ ರೈತರಿಗೆ ಇವುಗಳ ಹೆಸರೇ ಒಂದು ತೊಡಕು. ತಮಿಳಿನ ‘ಆಗಾಯತ್ತಾಮರೈ’, ನಮ್ಮ ‘ಅಂತರಗಂಗೆ’ ಎರಡೂ ಬೇರೆ ಬೇರೆ ಗಿಡಗಳಿಗೆ ಅಂಟಿಕೊಂಡಿವೆ. ಗಿಡ ಬೇರೆಯಾದರೆ ಮದ್ದೂ ಬೇರೆ. ಆದ್ದರಿಂದ ಕಿತ್ತು ಕೈಯಲ್ಲಿ ಹಿಡಿದು ನೋಡಬೇಕು.

ನಿಜವಾದ ಅಂತರಗಂಗೆಯು ಬಿಡಿಸಿಟ್ಟ ಎಲೆಕೋಸಿನಂತಿರುತ್ತದೆ. ಎಲೆಗೆ ತೊಟ್ಟಿಲ್ಲ, ಉದ್ದುದ್ದ ಗೆರೆಗಳುಂಟು, ಮುಟ್ಟಿದರೆ ಮಖಮಲ್ಲು. ತೊಟ್ಟು ಊದಿಕೊಂಡು ಒಳಗೆ ಬೆಂಡಿನಂತಿದ್ದು, ನಸುನೇರಳೆ ಹೂವಿನ ಮೇಲೆಸಳಲ್ಲಿ ಹಳದಿ ಮಚ್ಚೆಯಿದ್ದರೆ ಅದು ಕತ್ತೆಕಿವಿ. ದಕ್ಷಿಣ ಅಮೆರಿಕದ ಈ ಗಿಡ ಹೂವಿನ ಆಸೆಯಿಂದ 19ನೆಯ ಶತಮಾನದ ಕೊನೆಗೆ ಬಂಗಾಳಕ್ಕೆ ಬಂದಿತು. ಒತ್ತಾಗಿ ಬೆಳೆದಲ್ಲಿ ತೊಟ್ಟಿನ ಊತ ಕಾಣದು; ಅಂಚಿನ ಗಿಡವನ್ನು ನೋಡಿ. ಬೆಂಗಳೂರಿನ ಕೊಳಚೆ ಬೆರೆತು ಕೆಲವರಪಲ್ಲಿ ಅಣೆಗೆ ಬರುವ ದಕ್ಷಿಣ ಪಿನಾಕಿನಿಯ ನೀರು ಇದಕ್ಕೆ ಗೊಬ್ಬರದ ಊಟ.

ಮೂರನೆಯದು ಸಾಲ್ವೀನಿಯ, ಬ್ರೆಜಿಲಿನ ಜರಿಗಿಡ. ಜೋಡಿ ಎಲೆ, ಮೇಲೆ ಒರಟು ಕೂದಲು. ಪ್ರತಿ ಕೂದಲೂ ನಾಲ್ಕಾಗಿ ಸೀಳಿ ತುದಿಯಲ್ಲಿ ಮತ್ತೆ ಕೂಡಿ ಸಣ್ಣ ಪಂಜರದಂತಿರುತ್ತದೆ; ನೀರು ಹನಿದರೆ ನಿಲ್ಲದೆ ಉರುಳುತ್ತದೆ. ಬೇರಿನಂತೆ ಜೋತಿರುವುದು ಬೇರಲ್ಲ, ಮೂರನೆಯ ಎಲೆ. ದನಕ್ಕೆ ಹಾಕುವ ಅಜೋಲ ಇದಲ್ಲ. ಅದರ ಎಲೆ ಹುರುಪೆಯಷ್ಟೇ ಸಣ್ಣದು. ಸಾಲ್ವೀನಿಯಕ್ಕೆ ಬೀಜವಾಗದು, ತುಂಡುಗಳಿಂದಲೇ ಹಬ್ಬುತ್ತದೆ.

ಹೆಸರಿಗೆ ಇಷ್ಟು ಒತ್ತೇಕೆ? ಸಾಲ್ವೀನಿಯವನ್ನೇ ತಿನ್ನುವ ಒಂದು ಪುಟ್ಟ ಮೂತಿಹುಳುವನ್ನು 1982ರಲ್ಲಿ ಆಸ್ಟ್ರೇಲಿಯದಿಂದ ತರಿಸಿ, 1983-84ರಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳಕ್ಕೆ ಬಿಟ್ಟರು. 11 ತಿಂಗಳೊಳಗೆ ಕಳೆ ಕುಸಿದು, ಅದರಡಿ ನಲುಗಿದ್ದ ನೈದಿಲೆ ಮತ್ತೆ ಚಿಗುರಿತು. ಕತ್ತೆಕಿವಿಗೆ ಬೇರೆ ಜಾತಿಯ ಮೂತಿಹುಳುಗಳಿವೆ. ಅವನ್ನೂ ಆ ವರ್ಷಗಳಲ್ಲೇ ಬೆಂಗಳೂರಿನ ಕೆರೆಗಳಲ್ಲಿ ಬಿಡಲಾಯಿತು. ಒಂದರ ಹುಳು ಇನ್ನೊಂದನ್ನು ತಿಂದು ತೀರಿಸದು.

ನೀರೊಳಗಿನ ಕಳೆಯಲ್ಲಿ, ಬೀಸಣಿಗೆಯಂತೆ ಎಳೆಎಳೆಯಾಗಿ ಸೀಳಿದ ಎಲೆಗಳು ಎದುರುಬದುರಾಗಿದ್ದರೆ ಅದು ತೊಟ್ಟಿಯಿಂದ ಬಂದ ಕಬೊಂಬ. ಕಾಂಡದ ಸುತ್ತ ಗರಗಸದಂಚಿನ ಕಿರಿ ಎಲೆಗಳಿದ್ದರೆ ನಮ್ಮದೇ ಹೈಡ್ರಿಲ್ಲ.

ಕುಂಟೆ ಚಿಕ್ಕದಿದ್ದರೆ ಹುಳುವಿಗಾಗಿ ಕಾಯಬೇಕಿಲ್ಲ. ಕತ್ತೆಕಿವಿಯನ್ನು ಹೂ ಬಿಡುವ ಮುನ್ನವೇ ಎಳೆದುಹಾಕಿ; ಅದರ ಬೀಜ ಕೆಸರಿನಲ್ಲಿ ಹಲವು ವರ್ಷ ಬದುಕುತ್ತದೆ. ತೆಗೆದ ಕಳೆಯನ್ನು ನೀರಿಂದ ದೂರ, ಮಳೆನೀರು ಕೊಚ್ಚದ ದಿಣ್ಣೆಯಲ್ಲಿ ಒಣಗಿಸಿ. ದೊಡ್ಡ ಕೆರೆಗೆ ಹುಳು ಬೇಕೆನ್ನುವವರು ಕೃಷಿ ಇಲಾಖೆಗೆ ಬರಿಯ ಹೆಸರು ಹೇಳದೆ, ಒದ್ದೆ ಗೋಣಿಯಲ್ಲಿ ಗಿಡವನ್ನೇ ಕಟ್ಟಿ ಒಯ್ಯುವುದು ಒಳ್ಳೆಯದು.